ಕಿಸೆಗೆ ಕಾಲು ಸೆಂಟು: ಸಿಡ್ನಿ ಹಿಲ್‌ಮನ್ ಅನ್ನೋ ಕಟಿಂಗ್ ಹುಡುಗ, ಮತ್ತೆ ನಮ್ಮ ಬಳ್ಳಾರಿ ಜೀನ್ಸ್

ಕಟಿಂಗ್ ಟೇಬಲ್ · ಭಾನುವಾರ, ಬೆಳಿಗ್ಗೆ 7.15

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ. ಭಾನುವಾರ ಅಲ್ವಾ, ಟೀ ಪಕ್ಕಕ್ಕಿಟ್ಟುಕೊಂಡು ಓದಿ.

ಹೋದ ವಾರದ ಹಿಂದಿನ ಶನಿವಾರ. ನಾನು ಕೆಲಸ ಮಾಡುವ ಜೀನ್ಸ್ ಯೂನಿಟ್‌ನಲ್ಲಿ ಬಟವಾಡೆ ದಿನ. ಹಿಂದಿನ ಕಿಸೆ ಕೂರಿಸುವ ಹೆಣ್ಣುಮಗಳೊಬ್ಬಳು ತನ್ನ ಲೆಕ್ಕ ತಾನೇ ಹಾಕಿಕೊಂಡು ಬಂದಿದ್ದಳು. ಜೋಡಿಗೆ 2 ರೂಪಾಯಿ ಹಿಡಿದಿದ್ದಳು. ಕೈಗೆ ಬಂದದ್ದು 1 ರೂಪಾಯಿ 70 ಪೈಸೆ ಲೆಕ್ಕದಲ್ಲಿ. ಕೇಳಿದಳು. “ಈ ಲಾಟಿಗೆ ಅಷ್ಟೇ, ಮೊದಲೇ ಹೇಳಿದ್ದೆನಲ್ಲ” ಅಂದ ಮೇಸ್ತ್ರಿ. “ಯಾವಾಗ ಹೇಳಿದ್ರಿ?” ಅಂದಳು. ಅವನು ನಮ್ಮ ಕಡೆ ನೋಡಿದ. ನಾವು ಟೇಬಲ್ ಮೇಲಿದ್ದ ಬಟ್ಟೆ ಕಡೆ ನೋಡಿದೆವು.

ಅವಳು ನೋಟು ಇನ್ನೊಮ್ಮೆ ಎಣಿಸಿದಳು. ಡಬ್ಬಿ ಚೀಲದೊಳಗೆ ಇಟ್ಟುಕೊಂಡಳು. ಹೋದಳು. ಸೋಮವಾರ ಬರಲಿಲ್ಲ.

ನನಗೆ ಅವತ್ತು ರಾತ್ರಿ ಊಟ ಸೇರಲಿಲ್ಲ. ಅಕ್ಕನ ಮಗ ಧಾರವಾಡದಲ್ಲಿ ಇತಿಹಾಸ ಓದುತ್ತಾನೆ. ಫೋನ್ ಮಾಡಿದ್ದ, ಹೇಳಿಕೊಂಡೆ. “ಮಾವ, ಇದೇ ಕತೆ 1910ರಲ್ಲಿ ಷಿಕಾಗೋದಲ್ಲಿ ಆಗಿದೆ. ಅಲ್ಲೂ ಕಿಸೆದೇ ಜಗಳ. ಅಲ್ಲಿಂದ ಎದ್ದು ಬಂದ ಲೀಡರ್ ನಿನ್ನ ಕೆಲಸದವನೇ, ಕಟಿಂಗ್‌ನವನು” ಅಂದ. ಅವನು ಕಳಿಸಿದ್ದನ್ನು ವಾರವೆಲ್ಲ ಓದಿದೆ. ಓದಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ.

ಹಾರ್ಟ್ ಶಾಫ್ನರ್ ಅಂಡ್ ಮಾರ್ಕ್ಸ್ ಅಂತ ಗಂಡಸರ ಸೂಟು ಪ್ಯಾಂಟು ಮಾಡುವ ದೊಡ್ಡ ಕಂಪನಿ. ಅದರ 5ನೇ ನಂಬರ್ ಷಾಪಿನಲ್ಲಿ ಪ್ಯಾಂಟಿನ ಕಿಸೆ ಹೊಲಿಗೆಯ ರೇಟನ್ನು 4 ಸೆಂಟಿನಿಂದ ಮೂರೂ ಮುಕ್ಕಾಲು ಸೆಂಟಿಗೆ ಇಳಿಸಿದರು. ಕಾಲು ಸೆಂಟು ಅಷ್ಟೇ. 1910ರ ಸೆಪ್ಟೆಂಬರ್ 22ಕ್ಕೆ ಹ್ಯಾನಾ ಶಾಪಿರೊ ಅನ್ನೋ ಹದಿಹರೆಯದ ಹುಡುಗಿ ಮಷೀನ್ ಬಿಟ್ಟು ಎದ್ದಳು. ಜೊತೆಗೆ ಹದಿನೈದು ಹದಿನಾರು ಹುಡುಗಿಯರು. ಮೊದಮೊದಲು ಗಂಡಸರು ನಕ್ಕರಂತೆ, ಹುಡುಗಿಯರ ಆಟ ಅಂತ. ಕೆಲವೇ ವಾರಗಳಲ್ಲಿ ಊರಿನ ಸುಮಾರು 40 ಸಾವಿರ ಬಟ್ಟೆ ಕೆಲಸದವರು ಬೀದಿಯಲ್ಲಿದ್ದರು.

ಆ ಕಂಪನಿಯಲ್ಲಿ ಸಿಡ್ನಿ ಹಿಲ್‌ಮನ್ ಕಟಿಂಗ್ ಕಲಿಯುತ್ತಿದ್ದ. ವಯಸ್ಸು 23. ಹುಟ್ಟಿದ್ದು 1887ರಲ್ಲಿ, ಲಿಥುವೇನಿಯಾದ ಜಗಾರೆ ಅನ್ನೋ ಸಣ್ಣ ಊರಲ್ಲಿ. ಆಗ ಅದು ರಷ್ಯಾದ ಚಕ್ರವರ್ತಿಯ ಕೈಲಿತ್ತು. ಮನೆಯವರು ಯಹೂದಿ ಪುರೋಹಿತ ಆಗಲಿ ಅಂತ ಓದಲು ಹಾಕಿದರು. ಹುಡುಗ ಕಾರ್ಮಿಕರ ಗುಂಪು ಸೇರಿದ, ಜೈಲಿಗೆ ಹೋದ, ಹೊರಗೆ ಬಂದು ದೇಶ ಬಿಟ್ಟ. ಇಂಗ್ಲೆಂಡ್ ಮೇಲಿಂದ 1907ರಲ್ಲಿ ಅಮೆರಿಕಕ್ಕೆ ಬಂದ. ಗೋದಾಮಿನಲ್ಲಿ ದುಡಿದ, ಆಮೇಲೆ ಕತ್ತರಿ ಹಿಡಿದ.

ನನಗೆ ಹಿಡಿಸಿದ್ದು ಏನು ಗೊತ್ತಾ? ಅವನು ಭಾಷಣದವನಲ್ಲ. ಇಂಗ್ಲಿಷ್ ಮಾತಾಡಿದರೆ ಕೊನೆವರೆಗೂ ಊರ ಕಡೆ ರಾಗ ಹೋಗಲಿಲ್ಲ. ಅವನ ಕಸುಬು ಮುಷ್ಕರ ಮುಗಿದ ಮರುದಿನದಿಂದ ಶುರು ಆಗೋದು. 1911ರ ಜನವರಿ 14ಕ್ಕೆ ಒಪ್ಪಂದ ಆಯಿತು. ಅದರಲ್ಲಿ ದುಡ್ಡಿನ ಮಾತಿಗಿಂತ ದೊಡ್ಡದು ಒಂದಿತ್ತು. ತಕರಾರು ಬಂದರೆ ಎರಡೂ ಕಡೆಯವರು ಕೂರಬೇಕು, ಮಧ್ಯಸ್ಥರು ತೀರ್ಮಾನ ಹೇಳಬೇಕು. 1912ರಲ್ಲಿ ಪೀಸ್ ರೇಟಿಗೇ, ಅಂದರೆ ಪೀಸಿಗೆ ಇಷ್ಟು ಅನ್ನೋ ಕೂಲಿಗೇ, ಬೇರೆ ಮಂಡಳಿ ಮಾಡಿದರು. ಕಂಪನಿಯವರು, ಕೆಲಸದವರು, ನಡುವೆ ಹೊರಗಿನವರೊಬ್ಬರು. ಹೊಸ ಡಿಸೈನ್ ಬಂತಾ, ಕಿಸೆ ಬದಲಾಯಿತಾ, ಅಲ್ಲಿ ಕೂತು ರೇಟು ಕಟ್ಟಬೇಕು. ಮೇಸ್ತ್ರಿ ನಿಂತ ಜಾಗದಲ್ಲೇ ರೇಟು ಹೇಳಿ ಹೋಗುವ ಹಾಗಿಲ್ಲ.

1914ರಲ್ಲಿ ಹಳೇ ಯೂನಿಯನ್‌ನಿಂದ ಒಡೆದು ಬಂದವರು ಅಮಾಲ್ಗಮೇಟೆಡ್ ಕ್ಲೋದಿಂಗ್ ವರ್ಕರ್ಸ್ ಅನ್ನೋ ಸಂಘ ಕಟ್ಟಿದರು. 27ರ ಹುಡುಗನನ್ನು ಅಧ್ಯಕ್ಷ ಮಾಡಿದರು. 1946ರಲ್ಲಿ ಸಾಯುವವರೆಗೂ ಅವನೇ. ನಡುವೆ ಏನೇನೋ ಮಾಡಿದ: 1919ಕ್ಕೆ ವಾರಕ್ಕೆ 44 ಗಂಟೆ ಕೆಲಸ, 1922ರಲ್ಲಿ ಷಿಕಾಗೋದಲ್ಲಿ ಕೆಲಸಗಾರರದೇ ಬ್ಯಾಂಕು, ಮರುವರ್ಷ ನ್ಯೂಯಾರ್ಕಿನಲ್ಲಿ ಇನ್ನೊಂದು, ಆಮೇಲೆ ಸಹಕಾರಿ ಮನೆಗಳು. ರೂಸ್‌ವೆಲ್ಟ್ ಕಾಲದಲ್ಲಿ ಅಧ್ಯಕ್ಷರ ಮನೆವರೆಗೂ ಅವನ ಮಾತು ನಡೀತಿತ್ತು. 1938ರಲ್ಲಿ ಅಮೆರಿಕದಲ್ಲಿ ಕನಿಷ್ಠ ಕೂಲಿ ಕಾನೂನು ಬಂತಲ್ಲ, ಗಂಟೆಗೆ 25 ಸೆಂಟು, ಅದರ ಹಿಂದೆ ಬಿದ್ದವರಲ್ಲಿ ಇವನೂ ಒಬ್ಬ.

ಈಗ ನನ್ನ ಪ್ರಶ್ನೆ. ನಮ್ಮೂರಲ್ಲಿ ರೇಟು ಎಲ್ಲಾದರೂ ಬರೆದಿದೆಯಾ? ಗೋಡೆ ಮೇಲೋ, ಚೀಟಿಯಲ್ಲೋ, ಮೇಸ್ತ್ರಿಯ ಡೈರಿಯಲ್ಲೋ? ನಿಮ್ಮ ಕಡೆ ಇದ್ದರೆ ಹೇಳಿ.

ವಾಷಿಂಗ್ ಹುಡುಗ · ಬೆಳಿಗ್ಗೆ 7.40

ಅಣ್ಣಾ ಇಷ್ಟುದ್ದ ಬರೆದಿದ್ದೀರಲ್ಲ, ಪೀಸ್ ರೇಟಾ ದಿನಗೂಲಿನಾ? 😄

ಕಟಿಂಗ್ ಟೇಬಲ್ · ಬೆಳಿಗ್ಗೆ 7.52

ಪೀಸ್ ರೇಟು. ಆದರೆ ಎಷ್ಟು ಅಂತ ಶನಿವಾರ ಗೊತ್ತಾಗುತ್ತೆ.

ಓವರ್‌ಲಾಕ್ ಅಕ್ಕ · ಬೆಳಿಗ್ಗೆ 9.30

ತಮ್ಮಾ, ಓದಿದೆ. ಎರಡು ಮಾತು.

ಒಂದು. 30 ಪೈಸೆ ಅಂದ್ರೆ ನಿಮಗೆ ಗಂಡಸರಿಗೆ ಚಿಲ್ಲರೆ. ಕಿಸೆ ಕೂರಿಸುವವಳು ಕೈ ಓಡಿದರೆ ದಿನಕ್ಕೆ 180 ಜೋಡಿ ಮಾಡ್ತಾಳೆ. ಅಲ್ಲಿಗೆ 54 ರೂಪಾಯಿ. ವಾರಕ್ಕೆ 324. ನಮ್ಮ ಮನೇಲಿ ಅದು ಹಾಲಿನ ದುಡ್ಡು. ಆ ಷಿಕಾಗೋದವರು ಇಳಿಸಿದ್ದು ರೂಪಾಯಿಗೆ ಆರು ಪೈಸೆ ಲೆಕ್ಕ. ನಿಮ್ಮ ಮೇಸ್ತ್ರಿ ಇಳಿಸಿದ್ದು ಹದಿನೈದು. ಲೆಕ್ಕ ಹಾಕಿ ನೋಡು.

ಎರಡು. ಮಷೀನ್ ಬಿಟ್ಟು ಎದ್ದವಳು ಹ್ಯಾನಾ. ಹೆಸರು ಮಾತ್ರ ಹಿಲ್‌ಮನ್‌ದು, ಅಲ್ವಾ? ಹೆಡ್ಡಿಂಗಲ್ಲೂ ಅವನೇ. ಅವಳು ಆಮೇಲೆ ಏನಾದಳು ಅಂತ ಒಂದು ಸಾಲೂ ಬರೆದಿಲ್ಲ ನೀನು.

ನನ್ನ ಕತೆ ಹೇಳ್ತೀನಿ. ನಾನು ಮನೆಯಲ್ಲೇ ಹೊಲಿಯೋದು. ಗಾಡಿಯವನು ಬೆಳಿಗ್ಗೆ ಕಟ್ಟು ತಂದು ಬಾಗಿಲಲ್ಲಿ ಎಸೆದು ಹೋಗ್ತಾನೆ. ಒಂದು ಕಟ್ಟಿನಲ್ಲಿ ಇಪ್ಪತ್ತೈದು ಪೀಸು. ಕರೆಂಟು ನಂದು. ಸೂಜಿ ಮುರಿದರೆ ನಂದು. ಏಪ್ರಿಲ್ ಮೇದಲ್ಲಿ ಮಧ್ಯಾಹ್ನ ತಗಡಿನ ಕೆಳಗೆ ಡೆನಿಮ್ ಮುಟ್ಟಿದರೆ ಹಂಚಿನ ಮೇಲೆ ಕೈ ಇಟ್ಟ ಹಾಗೆ. ಹೊಲಿಗೆ ಸೊಟ್ಟ ಅಂತ ನಾಲ್ಕು ಪೀಸು ವಾಪಸ್ ಬಂದರೆ ಬಿಚ್ಚಿ ಮತ್ತೆ ಹೊಲಿಯಬೇಕು, ಅದಕ್ಕೆ ಕಾಸಿಲ್ಲ. ಮಾಲೀಕರ ಮುಖ ನಾನು ನೋಡೇ ಇಲ್ಲ. ನಿಮ್ಮಲ್ಲಿ ಕೇಳೋಕೆ ಮೇಸ್ತ್ರಿ ಆದರೂ ಇದ್ದಾನೆ. ನಾನು ಯಾರನ್ನು ಕೇಳಲಿ, ಗಾಡಿಯವನನ್ನಾ?

ಹಳೇ ಮೇಷ್ಟ್ರು · ಬೆಳಿಗ್ಗೆ 10.05

ಅಕ್ಕನವರ ಮಾತು ಸರಿ. ಅದಕ್ಕೆ ಒಂದು ಹೆಸರು ಸೇರಿಸುತ್ತೇನೆ: ಬೆಸ್ಸಿ ಅಬ್ರಮೊವಿಟ್ಸ್. ಗುಂಡಿ ಹಚ್ಚುತ್ತಿದ್ದ ಹುಡುಗಿ. ಮೊದಲು ಬೇರೆ ಕಡೆ ರೇಟಿನ ವಿಷಯಕ್ಕೆ ತಕರಾರು ತೆಗೆದು ಕೆಲಸ ಕಳೆದುಕೊಂಡಿದ್ದಳು. ಊರಿನ ಯಾವ ಕಂಪನಿಯೂ ಸೇರಿಸಿಕೊಳ್ಳದ ಹಾಗೆ ಅವಳ ಹೆಸರು ಪಟ್ಟಿಗೆ ಹೋಗಿತ್ತು. ಆಗ ಬೇರೆ ಹೆಸರು ಹೇಳಿ ಈ ಕಂಪನಿ ಸೇರಿದಳು. 1910ರಲ್ಲಿ ಎದ್ದು ಬಂದ ಹುಡುಗಿಯರ ಮುಂದಾಳುಗಳಲ್ಲಿ ಅವಳೂ ಒಬ್ಬಳು. ಹಿಲ್‌ಮನ್‌ನನ್ನು ಮುಂದಕ್ಕೆ ತಂದವರಲ್ಲಿ ಅವಳ ಪಾಲು ದೊಡ್ಡದು. 1916ರಲ್ಲಿ ಅವನನ್ನೇ ಮದುವೆಯಾದಳು. ಮೇ ದಿನದ ಮೆರವಣಿಗೆಯಲ್ಲಿ ಕೈಕೈ ಹಿಡಿದು ನಡೆದರಂತೆ, ಅದೇ ಲಗ್ನಪತ್ರಿಕೆ.

ಇನ್ನೊಂದು. ಆ ಮುಷ್ಕರವನ್ನು ಪೂರ್ತಿ ಗೆಲುವು ಅಂದುಕೊಳ್ಳಬೇಡಿ. ಒಪ್ಪಂದ ಆದದ್ದು ಒಂದು ಕಂಪನಿಯ ಜೊತೆ. ಉಳಿದ ಕಂಪನಿಗಳ ಸಾವಿರಾರು ಜನ 1911ರ ಫೆಬ್ರವರಿಯಲ್ಲಿ ಬರಿಗೈಯಲ್ಲಿ ಮಷೀನ್ ಮುಂದೆ ಹೋಗಿ ಕೂತರು. ಹಳೇ ಯೂನಿಯನ್‌ನ ದೊಡ್ಡವರು ಅವರನ್ನು ಕೇಳದೆಯೇ ಮುಷ್ಕರ ಮುಗಿಸಿಬಿಟ್ಟಿದ್ದರು. 1914ರಲ್ಲಿ ಸಂಘ ಒಡೆದದ್ದರ ಹಿಂದೆ ಈ ಸಿಟ್ಟೂ ಇತ್ತು.

ಹನ್ನೆರಡು ಮಷೀನ್ · ಬೆಳಿಗ್ಗೆ 11.20

ನಾನು ಮಾಲೀಕ. ಬೈಯುವವರು ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ.

ನನ್ನದು ಹನ್ನೆರಡು ಮಷೀನು. ನಮ್ಮಪ್ಪನೂ ಟೈಲರೇ. ನಾನು ಕಾರಲ್ಲಿ ಓಡಾಡುವ ಸೇಟು ಅಲ್ಲ. ಮಾಲು ಕೊಳ್ಳುವ ಹೊರ ರಾಜ್ಯದ ಪಾರ್ಟಿ ಬಂದು ಪೀಸಿಗೆ ಐದು ರೂಪಾಯಿ ಕಡಿಮೆ ಮಾಡು ಅಂತಾನೆ. ಆಗಲ್ಲ ಅಂದರೆ ಪಕ್ಕದ ಗಲ್ಲಿಗೆ ಹೋಗ್ತಾನೆ. ಅಲ್ಲಿ ಹೂಂ ಅಂತಾರೆ. ಮಾಲು ಹೋದ ಮೇಲೆ ದುಡ್ಡು ಬರೋದು ಎರಡು ತಿಂಗಳಿಗೆ, ಕೆಲವು ಸಲ ಮೂರು. ಬಟವಾಡೆ ಮಾತ್ರ ಪ್ರತಿ ಶನಿವಾರ. ವಾಷಿಂಗ್‌ನವರು ರೇಟು ಏರಿಸಿದರು. ಕರೆಂಟು ಹೋದರೆ ಡೀಸೆಲ್. ಐದು ರೂಪಾಯಿ ನಾನು ಎಲ್ಲಿಂದ ತರಲಿ? ಜಿಪ್ಪಿನವನು ಬಿಡಲ್ಲ, ಬಟ್ಟೆಯವನು ಬಿಡಲ್ಲ. ಕೊನೆಗೆ ಹೊಲಿಯುವವರ ಹತ್ತಿರ ಬರ್ತೀವಿ. ತಪ್ಪು ಅಂತ ಗೊತ್ತು. ಹೇಳುತ್ತಿದ್ದೇನೆ ಅಷ್ಟೇ.

ಷಿಕಾಗೋದ್ದು ದೊಡ್ಡ ಕಂಪನಿ. ಅದಕ್ಕೆ ಮಂಡಳಿ, ಮಧ್ಯಸ್ಥರು ಎಲ್ಲ ಸರಿ. ಕೌಲ್ ಬಜಾರಿನ ಒಂದು ಗಲ್ಲಿಯಲ್ಲೇ ಎಷ್ಟು ಯೂನಿಟ್ ಇದೆ ಲೆಕ್ಕ ಹಾಕಿ. ಯಾರ ಜೊತೆ ಒಪ್ಪಂದ ಮಾಡ್ತೀರಿ?

ಕಟಿಂಗ್ ಟೇಬಲ್ · ಮಧ್ಯಾಹ್ನ 12.10

ಅಣ್ಣಾ, ಮುಚ್ಚುಮರೆ ಇಲ್ಲದೆ ಬರೆದಿದ್ದೀರಿ. ಯಾರೂ ಬೈಯಲ್ಲ.

ಆದರೆ ಒಂದು ತಿದ್ದಬೇಕು. ಷಿಕಾಗೋ, ನ್ಯೂಯಾರ್ಕಿನಲ್ಲೂ ಎಲ್ಲ ದೊಡ್ಡ ಕಂಪನಿ ಇರಲಿಲ್ಲ. ಜಾಸ್ತಿ ಕೆಲಸ ಒಳಗುತ್ತಿಗೆಗೆ ಹೋಗುತ್ತಿತ್ತು, ನಮ್ಮ ಹಾಗೇ. ಒಂದು ಕೋಣೆ, ಎಂಟು ಹತ್ತು ಮಷೀನು, ಎಷ್ಟೋ ಕಡೆ ಮನೆಯೊಳಗೇ. ಹಿಲ್‌ಮನ್ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆಯೂ ನೀವು ಕೇಳಿದ್ದೇ. ಈ ಗಲ್ಲಿಯಲ್ಲಿ ರೇಟು ಏರಿಸಿದರೆ ಕೆಲಸ ಆ ಗಲ್ಲಿಗೆ ಹೋಗುತ್ತೆ. ಅದಕ್ಕೆ ಅವನು ಹಿಡಿದ ದಾರಿ, ಎಲ್ಲ ಗಲ್ಲಿಗೂ ಒಂದೇ ರೇಟು. ಕೂಲಿ ಕಡಿಮೆ ಮಾಡಿ ಯಾರೂ ಯಾರ ಆರ್ಡರನ್ನೂ ಕಿತ್ತುಕೊಳ್ಳೋಕೆ ಆಗಬಾರದು. ಆಮೇಲೆ ಬೇಕಾದರೆ ಹೊಲಿಗೆಯಲ್ಲಿ, ಫಿಟ್ಟಿಂಗಲ್ಲಿ, ಡಿಸೈನಲ್ಲಿ ಪೈಪೋಟಿ ಮಾಡಿ.

ಇದರಿಂದ ಲಾಭ ಆಗೋದು ಮೊದಲು ನಿಮ್ಮಂಥವರಿಗೇ ಅಲ್ವಾ?

ವಾಷಿಂಗ್ ಹುಡುಗ · ಮಧ್ಯಾಹ್ನ 12.25

ಎಲ್ಲ ಗಲ್ಲಿಗೂ ಒಂದೇ ರೇಟು. ನಮ್ಮೂರಲ್ಲಿ ಮಿರ್ಚಿ ಪ್ಲೇಟಿಗೇ ಒಂದು ರೇಟಿಲ್ಲ.

ಪೀಣ್ಯ ರಿಟರ್ನ್ · ಮಧ್ಯಾಹ್ನ 2.00

ನಾನು ಸಿರುಗುಪ್ಪದ ಕಡೆಯವಳು. ಒಂಬತ್ತು ವರ್ಷ ಬೆಂಗಳೂರು ಗಾರ್ಮೆಂಟ್ಸ್‌ನಲ್ಲಿದ್ದೆ. ಈಗ ಊರಿಗೆ ಬಂದಿದ್ದೀನಿ.

ಅಲ್ಲಿ ಪೀಸ್ ರೇಟಿಲ್ಲ, ಸಂಬಳ. ಆದರೆ ಗಂಟೆಗೆ ಇಷ್ಟು ಅಂತ ಟಾರ್ಗೆಟ್. ಬೋರ್ಡ್ ಮೇಲೆ ಬರೆದಿರುತ್ತೆ. ಹಾಂ, ಅಲ್ಲಿ ಬರೆದಿರುತ್ತೆ ನೋಡಿ! ನಾವು ಎಷ್ಟು ಕೊಡಬೇಕು ಅನ್ನೋದು ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತೆ.

2016ರ ಏಪ್ರಿಲ್ 18, 19 ಮರೆಯೋಕಾಗಲ್ಲ. ಪಿಎಫ್‌ನಲ್ಲಿ ಮಾಲೀಕರ ಪಾಲು 58 ವರ್ಷದವರೆಗೆ ತೆಗೆಯೋಕೆ ಬರಲ್ಲ ಅಂತ ಫೆಬ್ರವರಿಯಲ್ಲಿ ಕೇಂದ್ರದ ಆದೇಶ ಆಗಿತ್ತು. ನಮಗೆ ಅದು ಬಾಯಿಂದ ಬಾಯಿಗೆ ಬಂತು. ಮಗಳ ಮದುವೆ, ಮನೆ ರಿಪೇರಿ, ಆಸ್ಪತ್ರೆ, ಎಲ್ಲದಕ್ಕೂ ನಾವು ನಂಬಿದ್ದು ಅದೇ ದುಡ್ಡು. ಒಂದು ಫ್ಯಾಕ್ಟರಿ ಗೇಟು ತೆರೆಯಿತು, ಪಕ್ಕದ್ದು ತೆರೆಯಿತು. ರೋಡೆಲ್ಲ ಹೆಂಗಸರು. ನಾನು ಚಪ್ಪಲಿ ಎಲ್ಲೋ ಬಿಟ್ಟು ಬರಿಗಾಲಲ್ಲಿ ನಡೆದಿದ್ದೆ. ಲೀಡರ್ ಯಾರು ಅಂತ ಟಿವಿಯವರು ಕೇಳಿದರು. ಯಾರೂ ಇರಲಿಲ್ಲ. ಎರಡನೇ ದಿನ ಸಂಜೆಗೆ ಸರ್ಕಾರ ಆದೇಶ ವಾಪಸ್ ತಗೊಂಡಿತು.

ಗೆದ್ದೆವು. ಆದರೆ ಕೆಲಸಕ್ಕೆ ವಾಪಸ್ ಹೋದ ದಿನ ಬೋರ್ಡ್ ಮೇಲೆ ಟಾರ್ಗೆಟ್ ಅಷ್ಟೇ ಇತ್ತು. ನೀರು ಕುಡಿಯೋಕೆ, ಬಾತ್‌ರೂಮಿಗೆ ಹೋಗೋಕೆ ಸೂಪರ್‌ವೈಸರ್ ಮುಖ ನೋಡೋದು ಹಾಗೇ ಇತ್ತು. ಅದನ್ನು ಯಾರ ಹತ್ತಿರ ಕೂತು ಮಾತಾಡಬೇಕು ಅಂತ ನಮಗೆ ಗೊತ್ತಿರಲಿಲ್ಲ. ಕಟಿಂಗ್ ಅಣ್ಣ ಬರೆದ “ಮರುದಿನದಿಂದ ಶುರು” ಅನ್ನೋ ಮಾತು ಓದಿ ಅದು ನೆನಪಾಯಿತು.

ಕೆಂಪು ದಾರ · ಮಧ್ಯಾಹ್ನ 3.15

ಎಲ್ಲರೂ ಹಿಲ್‌ಮನ್‌ಗೆ ಹಾರ ಹಾಕ್ತಿದ್ದೀರಿ. ಇನ್ನೊಂದು ಮುಖ ನಾನು ಹೇಳ್ತೀನಿ.

ಅವನ ಸಂಘ ಮಾಲೀಕರಿಗೆ ಸಾಲ ಕೊಟ್ಟಿದೆ. ಹೌದು, ಕಷ್ಟದಲ್ಲಿದ್ದ ಕಂಪನಿ ಮುಚ್ಚದಿರಲಿ ಅಂತ ಕೆಲಸಗಾರರ ದುಡ್ಡಿನಿಂದ ಮಾಲೀಕರಿಗೆ ಸಾಲ! ಕೆಲಸ ಬೇಗ ಆಗೋದು ಹೇಗೆ, ಖರ್ಚು ಉಳಿಸೋದು ಹೇಗೆ ಅಂತ ಕಂಪನಿ ಜೊತೆ ಕೂತು ಯೋಜನೆ ಹಾಕಿದ್ದಾರೆ. ಅವನ ಕಾಲದಲ್ಲೇ ಅವನ ಸಂಘದ ಎಡಪಂಥದವರು ಇದನ್ನು ಒಪ್ಪಿರಲಿಲ್ಲ. ಯೂನಿಯನ್ ಲೀಡರ್ ಕೆಲಸ ಇದೇನಾ? ಆಮೇಲೆ ರೂಸ್‌ವೆಲ್ಟ್ ಪಕ್ಕದ ಕುರ್ಚಿ. 1944ರ ಚುನಾವಣೆ ಹೊತ್ತಿಗೆ “ಎಲ್ಲದಕ್ಕೂ ಸಿಡ್ನಿಯನ್ನು ಕೇಳಬೇಕಂತೆ” ಅಂತ ವಿರೋಧಿಗಳು ಆಡಿಕೊಳ್ಳುವ ಹಾಗಾಯಿತು.

ನನಗೆ ಲೀಡರ್ ಅಂದರೆ ದತ್ತಾ ಸಾಮಂತ್. ಓದಿದ್ದು ಡಾಕ್ಟರಿಕೆ, ನಿಂತದ್ದು ಕೂಲಿಗಳ ಜೊತೆ. 1982ರ ಜನವರಿ 18ರಿಂದ ಮುಂಬೈನ ಸುಮಾರು ಎರಡೂವರೆ ಲಕ್ಷ ಬಟ್ಟೆ ಗಿರಣಿ ಕೆಲಸದವರು ಅವರ ಒಂದು ಮಾತಿಗೆ ಹೊರಗೆ ಬಂದರು. ಯಾರಿಗೂ ತಲೆ ಬಾಗಿಸಲಿಲ್ಲ.

ಹಳೇ ಮೇಷ್ಟ್ರು · ಸಂಜೆ 4.30

ಕೆಂಪು ದಾರ, ಆ ಮುಷ್ಕರದ ಬಿಸಿ ನಮ್ಮ ಸೋದರತ್ತೆಯ ಮನೆಗೆ ತಟ್ಟಿದೆ. ಮಾವ ಪರೇಲಿನ ಗಿರಣಿಯಲ್ಲಿದ್ದರು. ಮೊದಲ ಆರು ತಿಂಗಳು ಹಳ್ಳಿಯಿಂದ ಜೋಳ ಹೋಗುತ್ತಿತ್ತು. ಆಮೇಲೆ ಅತ್ತೆಯ ಬಳೆ ಹೋಯಿತು. ಆಮೇಲೆ ಮಾವ ಊರಿಗೇ ಬಂದರು. ಇಲ್ಲಿ ಮತ್ತೆ ಯಾವತ್ತೂ ಮಿಲ್ಲಿನ ಮಾತು ಎತ್ತಲಿಲ್ಲ. ಆ ಮುಷ್ಕರ ಮುಗಿಯಿತು ಅಂತ ಯಾರೂ ಇವತ್ತಿಗೂ ಘೋಷಿಸಿಲ್ಲ. ಸಾಮಂತ್ ಪ್ರಾಮಾಣಿಕರು, ಧೈರ್ಯಸ್ಥರು. 1997ರ ಜನವರಿ 16ರಂದು ಅವರನ್ನು ಗುಂಡಿಟ್ಟು ಕೊಂದರು. ಅವರ ಬಗ್ಗೆ ಹಗುರವಾಗಿ ಮಾತಾಡಲ್ಲ. ಆದರೆ ಒಳಗೆ ಹೋಗೋಕೆ ಗೊತ್ತಿರುವ ಲೀಡರಿಗೆ ಹೊರಗೆ ಬರೋದೂ ಗೊತ್ತಿರಬೇಕು. ನನ್ನ ಅಭಿಪ್ರಾಯ.

ಸಾಲದ ವಿಷಯ. ಕಂಪನಿ ಮುಚ್ಚಿದರೆ ಮೊದಲು ಮನೆಗೆ ಹೋಗೋರು ಯಾರು? ಸಾಲ ಕೊಟ್ಟ ಸಂಘ ಆ ಕಂಪನಿಯ ಲೆಕ್ಕದ ಪುಸ್ತಕವನ್ನೂ ತೆರೆಸಬಹುದು. ಮಾಲೀಕ “ಲಾಸು” ಅಂದಾಗ ತೋರಿಸು ಅನ್ನಬಹುದು. ಅದು ಸಣ್ಣ ಅಧಿಕಾರ ಅಲ್ಲ.

ಮಧ್ಯಸ್ಥಿಕೆ ಅನ್ನೋದು ಬರೀ ಅಮೆರಿಕದ ಮಾತೂ ಅಲ್ಲ. 1918ರಲ್ಲಿ ಅಹಮದಾಬಾದ್. ಅನಸೂಯಾ ಸಾರಾಭಾಯಿ ನೇಯುವವರ ಕಡೆ ನಿಂತರು. ಎದುರುಗಡೆ ಮಿಲ್ ಮಾಲೀಕರ ಗುಂಪಿನ ಮುಂದೆ ಅಂಬಾಲಾಲ್, ಸ್ವಂತ ತಮ್ಮ. ಕೆಲಸದವರು ಕೇಳಿದ್ದು ನೂರಕ್ಕೆ 35, ಮಾಲೀಕರು ಕೊಡ್ತೀವಿ ಅಂದದ್ದು 20. ಗಾಂಧೀಜಿ ಉಪವಾಸ ಕೂತರು. ಕೊನೆಗೆ ಮಧ್ಯಸ್ಥರ ಹತ್ತಿರ ಹೋಯಿತು, 35 ಸಿಕ್ಕಿತು. ಎರಡು ವರ್ಷಕ್ಕೆ ಮಜೂರ್ ಮಹಾಜನ್ ಸಂಘ ಹುಟ್ಟಿತು. ಕೆಲಸದವರು ಆಕೆಯನ್ನು ಮೋಟಾಬೆನ್ ಅನ್ನುತ್ತಿದ್ದರು, ಅಂದರೆ ದೊಡ್ಡಕ್ಕ.

ಕೆಂಪು ದಾರ · ಸಂಜೆ 4.50

ಮೇಷ್ಟ್ರೆ, ನಿಮ್ಮ ಸೋದರತ್ತೆ ವಿಷಯ ಕೇಳಿ ಬೇಜಾರಾಯಿತು. ಆದರೆ ನನ್ನ ಮಾತು ನಾನು ಬಿಡಲ್ಲ. ಮಾಲೀಕನ ಪಕ್ಕ ಕೂತವನಿಗೆ ನಿಧಾನಕ್ಕೆ ಮಾಲೀಕನ ಕುರ್ಚಿಯೇ ಮೆತ್ತಗನಿಸುತ್ತೆ.

ಹಳೇ ಮೇಷ್ಟ್ರು · ಸಂಜೆ 4.58

ಅದನ್ನು ನಾನೂ ಅಲ್ಲಗಳೆಯಲ್ಲ. ನೋಡಿದ್ದೇನೆ.

ಓವರ್‌ಲಾಕ್ ಅಕ್ಕ · ಸಂಜೆ 6.20

ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಗಾಡಿಯವನನ್ನು ಕೇಳಲಾ?

ಕರಿ ಕೋಟು · ರಾತ್ರಿ 8.10

ಅಕ್ಕಾ, ನಾನು ಕೋರ್ಟ್ ರಸ್ತೆಯವನು. ಹೇಳ್ತೀನಿ.

ಇದೇ ಪ್ರಶ್ನೆ 1972ರಲ್ಲಿ ಅಹಮದಾಬಾದಿನಲ್ಲಿ ಬಂದಿದೆ. ಇಳಾ ಭಟ್ ಅಂತ, ಮೇಷ್ಟ್ರು ಹೇಳಿದರಲ್ಲ ಮಜೂರ್ ಮಹಾಜನ್, ಅಲ್ಲೇ ವಕೀಲರಾಗಿದ್ದವರು. ಮನೆಯಲ್ಲಿ ಹೊಲಿಯುವವರು, ತಲೆ ಮೇಲೆ ಬಟ್ಟೆ ಗಂಟು ಹೊರುವವರು, ಇಂಥ ಹೆಂಗಸರನ್ನು ಸೇರಿಸಿ ಸೇವಾ ಅನ್ನೋ ಸಂಘ ಮಾಡಿದರು. ನೋಂದಣಿಗೆ ಹೋದರೆ ಅಧಿಕಾರಿಗಳು, ನಿಮ್ಮ ಮಾಲೀಕ ಯಾರು, ಮಾಲೀಕನೇ ಇಲ್ಲದೆ ಯಾರ ವಿರುದ್ಧ ಯೂನಿಯನ್ ಅಂದರು. ಯೂನಿಯನ್ ಇರೋದು ಯಾರದೋ ವಿರುದ್ಧ ಅಲ್ಲ, ಕೆಲಸದವರು ಒಟ್ಟಾಗೋಕೆ ಅಂತ ಇವರ ವಾದ. ಆ ವರ್ಷ ಏಪ್ರಿಲ್‌ನಲ್ಲಿ ನೋಂದಣಿ ಆಯಿತು.

ಕಾನೂನಿಗೂ ನಿಮ್ಮಂಥವರು ಗೊತ್ತಿಲ್ಲದೇ ಇರಲಿಲ್ಲ. 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ, ಬೇರೆಯವರು ಕೊಟ್ಟ ಸಾಮಾನು ತಗೊಂಡು ಹೊರಗೆ ಕೂತು ಮಾಡಿಕೊಡುವವರನ್ನೂ ನೌಕರರ ಅರ್ಥದೊಳಗೆ ಸೇರಿಸಿದ್ದರು. ಪೀಸ್ ರೇಟಿನವರಿಗೂ ಕನಿಷ್ಠ ಕೂಲಿ ಇಷ್ಟು ಬರಲೇಬೇಕು ಅಂತ ಇತ್ತು. ಆಮೇಲೆ ಅದನ್ನು 2019ರ ವೇತನ ಸಂಹಿತೆಯಲ್ಲಿ ವಿಲೀನ ಮಾಡಿದರು. ಕಾಗದದ ಮೇಲೆ ಏನೇ ಇರಲಿ, ನನ್ನ ಹತ್ತಿರ ಬರುವವರಿಗೆ ನಾನು ಮೊದಲು ಕೇಳೋದು ಒಂದೇ: ಬರವಣಿಗೆಯಲ್ಲಿ ಏನಿದೆ? ಎಷ್ಟು ಪೀಸು ಬಂತು, ಯಾವ ದಿನ, ಏನು ರೇಟು, ಎಷ್ಟು ವಾಪಸ್ ಹೋಯಿತು. ಇದಕ್ಕೆ ಒಂದು ಚೀಟಿ ಇರಲ್ಲ. ಮೇಸ್ತ್ರಿ ಹೇಳಿಲ್ಲ ಅಂತಾನೆ, ಇವರು ಹೇಳಿದ ಅಂತಾರೆ. ಅಲ್ಲಿಗೆ ಕೇಸು ಮುಗೀತು.

ಸಂಘ ಮಾಡೋಕೆ ಏಳು ಜನ ಅರ್ಜಿ ಹಾಕಬಹುದು. ಅದು 1926ರ ಕಾಯ್ದೆಯಿಂದ ಬಂದದ್ದು. 2001ರಲ್ಲಿ ಇನ್ನೊಂದು ಸೇರಿಸಿದರು: ಅಲ್ಲಿ ದುಡಿಯುವವರಲ್ಲಿ ನೂರಕ್ಕೆ ಹತ್ತು ಜನ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರು ಇರಬೇಕು. ಏಳಕ್ಕಿಂತ ಕಡಿಮೆ ಆಗಬಾರದು. ನೂರು ಜನ ಬಳ್ಳಾರಿಯಲ್ಲಿ ಕಷ್ಟವಾ?

ಓವರ್‌ಲಾಕ್ ಅಕ್ಕ · ರಾತ್ರಿ 8.40

ನಮ್ಮ ಓಣಿಯಲ್ಲೇ ಸಿಗ್ತಾರೆ. ಕೂರಿಸಿ ಮಾತಾಡಿಸೋಕೆ ಹೊತ್ತೆಲ್ಲಿದೆ ಸರ್? ಕೂತ ಹೊತ್ತಿನ ಪೀಸು ಯಾರು ಹೊಲೀತಾರೆ?

ಒಂದು ಮಾಡಬಹುದು. ಕಟ್ಟು ಬಂದ ಕೂಡಲೇ ಮಗಳ ಹಳೇ ನೋಟ್‌ಬುಕ್ಕಲ್ಲಿ ಬರೆದು ಗಾಡಿಯವನ ಹತ್ತಿರ ಒಂದು ಸಹಿ. ಕೊಡಲ್ಲ ಅಂತಾನೆ. ಕೇಳಿ ನೋಡ್ತೀನಿ.

ಹನ್ನೆರಡು ಮಷೀನ್ · ರಾತ್ರಿ 9.05

ನಮ್ಮಲ್ಲಿಗೆ ಬರುವವರು ಬೇಕಾದರೆ ಬರೆದುಕೊಳ್ಳಲಿ, ನಾನು ಸಹಿ ಹಾಕ್ತೀನಿ. ಆದರೆ ಪಕ್ಕದ ಗಲ್ಲಿಯವನೂ ಹಾಕಬೇಕು. ನಾನೊಬ್ಬನೇ ಹಾಕಿದರೆ ಮುಂದಿನ ತಿಂಗಳು ನನ್ನ ಮಷೀನು ಮಾರಾಟಕ್ಕೆ ಇಡಬೇಕಾಗುತ್ತೆ.

ಪೀಣ್ಯ ರಿಟರ್ನ್ · ರಾತ್ರಿ 9.20

ಹ್ಯಾನಾ ಜೊತೆಯವರದೇ ಓರಗೆಯ ಇನ್ನೊಬ್ಬಳಿದ್ದಾಳೆ, ಕ್ಲಾರಾ ಲೆಮ್ಲಿಕ್. 1909ರ ನವೆಂಬರ್ 22, ನ್ಯೂಯಾರ್ಕಿನ ಕೂಪರ್ ಯೂನಿಯನ್ ಅನ್ನೋ ಸಭಾಂಗಣ. ದೊಡ್ಡ ದೊಡ್ಡವರ ಭಾಷಣ ಮುಗಿಯುತ್ತಲೇ ಇರಲಿಲ್ಲ. ಇವಳು ಎದ್ದು ವೇದಿಕೆಗೆ ಬಂದು ಯಿಡ್ಡಿಷ್‌ನಲ್ಲಿ, ಮಾತು ಕೇಳಿ ಸಾಕಾಗಿದೆ, ಮುಷ್ಕರ ಮಾಡೋಣ ಅಂದಳು. ಸುಮಾರು 20 ಸಾವಿರ ರವಿಕೆ ಹೊಲಿಯುವ ಹುಡುಗಿಯರು ಹೊರಗೆ ಬಂದರು. ಮುಪ್ಪಿನಲ್ಲಿ ವೃದ್ಧಾಶ್ರಮ ಸೇರಿದಾಗ ಅಲ್ಲಿನ ಆಳುಗಳಿಗೂ ಯೂನಿಯನ್ ಮಾಡಿಕೊಳ್ಳಿ ಅಂತ ಬೆನ್ನು ಹತ್ತಿದ್ದಳಂತೆ. ನನಗೆ ಹಿಲ್‌ಮನ್‌ಗಿಂತ ಈ ಅಜ್ಜಿ ಇಷ್ಟ.

ಕಟಿಂಗ್ ಟೇಬಲ್ · ಗುರುವಾರ, ರಾತ್ರಿ 10.15

ನಾಲ್ಕು ದಿನ ಆಯಿತು, ಬರೆಯೋಕೆ ಆಗಿರಲಿಲ್ಲ. ಲಾಟ್ ಜಾಸ್ತಿ ಇತ್ತು.

ಅಕ್ಕಾ, ನಿಮಗೆ ಮೊದಲು. ಹೆಡ್ಡಿಂಗಲ್ಲಿ ಹ್ಯಾನಾ ಹೆಸರು ಇರಬೇಕಿತ್ತು, ತಪ್ಪು ನಂದು. ಆ ಕಿಸೆ ಕೂರಿಸುವ ಹೆಣ್ಣುಮಗಳು ಬೇರೆ ಕಡೆ ಸೇರಿದ್ದಾಳಂತೆ, ಮುಂಡರಗಿ ಕಡೆ. ಅಲ್ಲಿ ಜೋಡಿಗೆ 1 ರೂಪಾಯಿ 80. ಮೊನ್ನೆ ಮೋತಿ ಸರ್ಕಲ್ ಹತ್ತಿರ ಆಟೋದಲ್ಲಿ ಕಂಡಳು. ನಾನು ತಲೆ ಆಡಿಸಿದೆ. ಅವಳು ನೋಡಿದಳು, ಮಾತಾಡಿಸಲಿಲ್ಲ.

ಮಂಗಳವಾರ ಹೊಸ ಲಾಟ್ ಬಂತು. ಕಟಿಂಗ್ ಆದಮೇಲೆ ಹಳೇ ಪ್ಯಾಟರ್ನ್ ರಟ್ಟು ಒಂದು ಬಿದ್ದಿತ್ತು, 34 ಸೈಜಿನ ಹಿಂಭಾಗದ್ದು. ಅದರ ಮೇಲೆ ಮಾರ್ಕರ್‌ನಲ್ಲಿ ಲಾಟ್ ನಂಬರು, ತಾರೀಕು ಬರೆದೆ. ಕೆಳಗೆ ಹಿಂದಿನ ಕಿಸೆ, ಮುಂದಿನ ಕಿಸೆ, ಜಿಪ್, ಸೈಡು, ಬೆಲ್ಟು, ಲೂಪು, ಕಾಜಾ ಬಟನ್, ದಾರ ಕತ್ತರಿಸೋದು ಅಂತ ಸಾಲಾಗಿ. ಮೇಸ್ತ್ರಿಯನ್ನು ಕರೆದೆ. “ಅಣ್ಣಾ, ನನಗೆ ನೆನಪಿರಲ್ಲ, ನೀವೇ ರೇಟು ಹೇಳಿ, ಬರಕೋತೀನಿ” ಅಂದೆ. ಅವನು ರಟ್ಟು ನೋಡಿದ. ನನ್ನ ಮುಖ ನೋಡಿದ. ಎಲ್ಲ ಮಷೀನೂ ನಿಂತಿದ್ದವು. ಕರೆಂಟು ಹೋಗಿರಲಿಲ್ಲ.

ಒಂದೊಂದೇ ಹೇಳಿದ. ಹಿಂದಿನ ಕಿಸೆಗೆ 1.70 ಅಂದ. ಯಾರೋ ಹಿಂದಿನಿಂದ “ಎರಡು” ಅಂದರು, ಹೆಣ್ಣು ದನಿ. ಅವನು ಸ್ವಲ್ಪ ಹೊತ್ತು ಸುಮ್ನೆ ನಿಂತು 1.85 ಅಂದ. ಬರೆದೆ. ಮೊಳೆಗೆ ಸಿಕ್ಕಿಸಿದೆ. ಇವತ್ತಿನವರೆಗೂ ಅಲ್ಲೇ ಇದೆ. ಮಾಲೀಕರು ಇನ್ನೂ ನೋಡಿಲ್ಲ.

ವಾಷಿಂಗ್ ಹುಡುಗ · ರಾತ್ರಿ 10.22

ಅಣ್ಣಾ 🙏 ಫೋಟೋ ಹಾಕಬೇಡಿ. ರಟ್ಟು ನೋಡಿದರೆ ಯೂನಿಟ್ ಗೊತ್ತಾಗುತ್ತೆ.

ಹನ್ನೆರಡು ಮಷೀನ್ · ರಾತ್ರಿ 10.30

1.85 ನನಗೂ ಆಗುತ್ತೆ. ಹೇಳಿದ್ದೀನಿ ಅಂತ ಎಲ್ಲೂ ಹೇಳಬೇಡಿ.

ಓವರ್‌ಲಾಕ್ ಅಕ್ಕ · ರಾತ್ರಿ 10.41

ಗಾಡಿಯವನು ಸಹಿ ಹಾಕಲ್ಲ ಅಂದ. ಹೆಬ್ಬೆಟ್ಟು ಬೇಕಾದ್ರೆ ಒತ್ತುತೀನಿ ಅಂತ ನಕ್ಕ. ಒತ್ತು ಅಂದೆ. ಒತ್ತಿದ, ಮಗಳ ಸ್ಕೆಚ್ ಪೆನ್ನಿನ ಇಂಕಲ್ಲಿ. ಮೂರು ದಿನದ್ದು ಇದೆ ನನ್ನ ಹತ್ತಿರ.

ತಮ್ಮಾ, ಲೂಪಿಗೆ ಎಷ್ಟು ಬರೆದೆ?

ಕಟಿಂಗ್ ಟೇಬಲ್ · ರಾತ್ರಿ 10.44

70 ಪೈಸೆ ಅಕ್ಕಾ.

ಓವರ್‌ಲಾಕ್ ಅಕ್ಕ · ರಾತ್ರಿ 10.45

ಐದು ಲೂಪಿಗಾ, ಏಳಕ್ಕಾ?

ಕಟಿಂಗ್ ಟೇಬಲ್ · ರಾತ್ರಿ 10.51

ಅದು ಬರೆದಿಲ್ಲ. ನಾಳೆ ಬರೀತೀನಿ.